ಗೆರೆ ನನ್ನದು, ಡಬ್ಬಿ ಯಾರದು?

ಬಾಗಲಕೋಟೆಯ ನವನಗರದಲ್ಲಿ ಕೂತು ಚಿತ್ರ ಬರೆದು ಹೊಟ್ಟೆ ಹೊರೆಯುವವನು ನಾನು. ಮದುವೆ ಕಾರ್ಡಿನಿಂದ ಕರದಂಟಿನ ಡಬ್ಬಿವರೆಗೆ ಎಲ್ಲ ಕೆಲಸವೂ ಬರುತ್ತದೆ. ಗಿರಾಕಿ ಬಂದರೆ ರೇಟಿನ ಮಾತು ಆಮೇಲೆ. ಮೊದಲು ಕೇಳುವುದು, ‘ಈ ಚಿತ್ರ ಎಲ್ಲಿ ಹೋಗಿ ಕೂಡತೈತ್ರಿ?’ ಗೋಡೆಗೆ ಹೋದರೆ ಒಂದು ಕಾಯ್ದೆ, ಡಬ್ಬಿಗೆ ಹೋದರೆ ಎರಡು, ಸೀರೆಗೆ ಹೋದರೆ ಇನ್ನೊಂದು.

ಬಾದಾಮಿಯ ಒಂದನೇ ಗುಹೆಯ ಹದಿನೆಂಟು ಕೈಯ ನಟರಾಜನನ್ನು ಎಷ್ಟು ಸಲ ಬರೆದಿದ್ದೇನೋ. ಆರನೇ ಶತಮಾನದ ಶಿಲ್ಪ, ಅದಕ್ಕೆ ಯಾರ ಕಾಪಿರೈಟೂ ಇಲ್ಲ, ಯಾರು ಬೇಕಾದರೂ ಬರೆಯಬಹುದು. ಆದರೆ ಅದನ್ನು ನೋಡಿ ನಾನು ಎಳೆದ ಗೆರೆ ನನ್ನದು. 1957ರ ಕಾಪಿರೈಟ್ ಕಾಯ್ದೆಯಂತೆ ಕಾಗದದ ಮೇಲೆ ಚಿತ್ರ ಮೂಡಿದ ಗಳಿಗೆಯಿಂದಲೇ ಆ ಹಕ್ಕು ಇರುತ್ತದೆ. ನಾನಿರುವ ತನಕ, ಸತ್ತ ಮೇಲೂ 60 ವರ್ಷ.

ಒಮ್ಮೆ ಬ್ಯಾನರ್ ಅಂಗಡಿಯೊಂದು ಅದೇ ಚಿತ್ರವನ್ನು ಎತ್ತಿ ಉತ್ಸವದ ಫ್ಲೆಕ್ಸ್‌ಗೆ ಹಾಕಿತು. ಕೇಳಿದರೆ, ‘ನಾವೂ ಕಲ್ಲು ನೋಡೇ ಬರದೀವ್ರಿ’ ಅಂದರು. ಜಾಗ ಸಾಲದೆಂದು ಸೊಂಟಪಟ್ಟಿಯ ಗೊಂಡೆಯನ್ನು ನಾನು ಬಲಕ್ಕೆ ಹೊರಳಿಸಿದ್ದೆ, ತೋಳಬಂದಿಯನ್ನು ಮೂರೇ ಗೆರೆಯಲ್ಲಿ ಮುಗಿಸಿದ್ದೆ. ಫ್ಲೆಕ್ಸ್‌ನಲ್ಲೂ ಗೊಂಡೆ ಬಲಕ್ಕೇ ಇತ್ತು, ಗೆರೆ ಮೂರೇ ಇದ್ದವು. ಕಲ್ಲನ್ನು ನೋಡಿದವನ ಕೈ ಹಾಗೆ ಹೊರಳುವುದಿಲ್ಲ. ತಾರೀಖು ಬರೆದಿಟ್ಟ ಪೆನ್ಸಿಲ್ ಹಾಳೆಗಳನ್ನು ಪಕ್ಕದಲ್ಲಿಟ್ಟು ತೋರಿಸಿದೆ, ಫ್ಲೆಕ್ಸ್ ಇಳಿಯಿತು. ನೋಂದಣಿ ಕಡ್ಡಾಯವಲ್ಲ, ಆದರೂ ಜಗಳ ಬಂದಾಗ ಪ್ರಮಾಣಪತ್ರವೇ ಮೊದಲ ಸಾಕ್ಷಿ. ಆನ್‌ಲೈನ್ ಅರ್ಜಿ, ಒಂದು ಚಿತ್ರಕ್ಕೆ 500 ರೂಪಾಯಿ. ಡೈರಿ ನಂಬರ್, ಅಂದರೆ ಅರ್ಜಿಯ ಸಂಖ್ಯೆ, ಸಿಕ್ಕ ಮೇಲೆ ಆಕ್ಷೇಪಣೆಗೆಂದು 30 ದಿನ ಕಾಯಬೇಕು. ಮುಖ್ಯವಾದ ಚಿತ್ರಗಳಿಗಷ್ಟೇ ಮಾಡಿಸುತ್ತೇನೆ.

ಡಬ್ಬಿಯದೇ ತಲೆನೋವು. ಅಮೀನಗಡದ ಕಡೆಯ ಕರದಂಟು ವ್ಯಾಪಾರಿಯೊಬ್ಬರು ಲೇಬಲ್ ಬರೆಸಲು ಬಂದವರು, ‘ಅಮೀನಗಡ ಕರದಂಟು ಅನ್ನೂ ಹೆಸರನ್ನ ನನ್ನ ಮ್ಯಾಲೆ ರಿಜಿಸ್ಟರ್ ಮಾಡಿಸ್ರಿ’ ಎಂದರು. ಊರಿನ ಹೆಸರು, ತಿನಿಸಿನ ಹೆಸರು ಒಬ್ಬನ ಟ್ರೇಡ್‌ಮಾರ್ಕ್ ಆಗುವುದು ಕಷ್ಟ. ಆ ಊರಲ್ಲಿ ಕರದಂಟು ಮಾಡುವವರು ಅವರೊಬ್ಬರೇನೂ ಅಲ್ಲವಲ್ಲ. ಅವರ ಮನೆತನದ ಹೆಸರನ್ನು ಎದ್ದು ಕಾಣುವಂತೆ ಹಾಕಿ, ಕೆಳಗೆ ಬೆಲ್ಲದ ಅಚ್ಚಿನ ಚಿತ್ರ ಕೂರಿಸಿ, ಎರಡನ್ನೂ ಸೇರಿಸಿ ಒಂದೇ ಗುರುತು ಮಾಡಿದೆ. ಟ್ರೇಡ್‌ಮಾರ್ಕ್ ನೋಂದಣಿಗೆ ಸರಕುಗಳನ್ನು ವಿಂಗಡಿಸಿದ ಪಟ್ಟಿಯಲ್ಲಿ ಸಿಹಿತಿಂಡಿ 30ನೇ ವರ್ಗಕ್ಕೆ ಸೇರುತ್ತದೆ. ಒಬ್ಬ ವ್ಯಕ್ತಿಯ ಹೆಸರಲ್ಲಿ ಆನ್‌ಲೈನ್ ಸಲ್ಲಿಸಿದರೆ ಶುಲ್ಕ 4,500 ರೂಪಾಯಿ. ನಮ್ಮ ರಾಜ್ಯದ ಅರ್ಜಿಗಳೆಲ್ಲ ಚೆನ್ನೈ ಕಚೇರಿಗೆ ಸೇರುತ್ತವೆ. ಟ್ರೇಡ್‌ಮಾರ್ಕ್ ಕಚೇರಿಯ ಜರ್ನಲ್‌ನಲ್ಲಿ ಪ್ರಕಟವಾದ ಮೇಲೆ ನಾಲ್ಕು ತಿಂಗಳು ಯಾರು ಬೇಕಾದರೂ ವಿರೋಧಿಸಬಹುದು. ನೋಂದಣಿಯಾದರೆ 10 ವರ್ಷ, ಆಮೇಲೆ ನವೀಕರಣ. ನೋಂದಣಿ ಆಗುವವರೆಗೆ ‘ಟಿಎಂ’ (ಟ್ರೇಡ್‌ಮಾರ್ಕ್) ಅಂತ ಹಾಕಬಹುದು. ನೋಂದಣಿಯಾದ ಗುರುತೆಂದು ಸಾರುವ, ವೃತ್ತದೊಳಗಿನ ‘ಆರ್’ ಈಗಲೇ ಹಾಕಿ ಎಂದು ಪೀಡಿಸಿದರು. ನೋಂದಣಿಗೆ ಮುಂಚೆ ಹಾಕಿದರೆ ಅದು ಅಪರಾಧ. ನಾನು ಹಾಕಲಿಲ್ಲ.

ಅದೇ ಲೇಬಲ್ ಕಲಾಕೃತಿಯೂ ಹೌದು, ಅದಕ್ಕೆ ಕಾಪಿರೈಟ್ ಬೇರೆ ಇದೆ. ಸರಕಿನ ಮೇಲೆ ಬಳಸುವ ಚಿತ್ರವಾದ್ದರಿಂದ ಶುಲ್ಕ 500 ಅಲ್ಲ, 2,000. ಜೊತೆಗೆ ಇಂಥದೇ ಗುರುತು ಬೇರೆ ಯಾರದೂ ಇಲ್ಲವೆಂದು ಟ್ರೇಡ್‌ಮಾರ್ಕ್ ಕಚೇರಿಯಿಂದ ಸರ್ಚ್ ಸರ್ಟಿಫಿಕೇಟ್ ತರಬೇಕು. ಅರ್ಜಿ ವ್ಯಾಪಾರಿಯ ಹೆಸರಲ್ಲಿದ್ದರೆ ಚಿತ್ರಕಾರನ ಎನ್‌ಒಸಿ, ಅಂದರೆ ತಕರಾರಿಲ್ಲವೆಂಬ ಪತ್ರ, ಕೇಳುತ್ತಾರೆ. ಎಷ್ಟೋ ಗಿರಾಕಿಗಳಿಗೆ ನನ್ನ ನೆನಪಾಗುವುದು ಆಗಲೇ!

‘ರೊಕ್ಕ ಕೊಟ್ಟೀನಿ, ಚಿತ್ರ ನಂದಽ ಅಲ್ಲೇನ್ರಿ?’ ಎಂದು ಅವರೂ ಕೇಳಿದರು. ಪೂರ್ತಿ ತಪ್ಪು ಮಾತಲ್ಲ. ಹಣ ಕೊಟ್ಟು ಬರೆಸಿದ ಪೇಂಟಿಂಗ್, ಭಾವಚಿತ್ರ, ತೆಗೆಸಿದ ಫೋಟೊ ಬೇರೆ ಒಪ್ಪಂದವಿಲ್ಲದಿದ್ದರೆ ಬರೆಸಿದವರಿಗೇ ಸೇರುತ್ತದೆ ಎನ್ನುತ್ತದೆ ಕಾಯ್ದೆ. ಅದಕ್ಕೇ ಅಡ್ವಾನ್ಸ್ ತೆಗೆದುಕೊಳ್ಳುವಾಗಲೇ ಬರೆಸಿಕೊಳ್ಳುತ್ತೇನೆ: ಡಬ್ಬಿ, ಜಾಹೀರಾತಿಗೆ ಹಕ್ಕು ಅವರದು; ಪೋಸ್ಟರ್, ಟೀ ಶರ್ಟ್ ನನ್ನದು; ಎಷ್ಟು ವರ್ಷ, ಎಲ್ಲೆಲ್ಲಿ ಎಂಬುದೂ. ಅವಧಿ ಬರೆಯದಿದ್ದರೆ ಐದು ವರ್ಷ ಎಂದೇ ಕಾಯ್ದೆ ಹಿಡಿಯುತ್ತದೆ. ಹಕ್ಕು ಮಾರಿದರೂ ಹೆಸರು ಮಾರಿದಂತಲ್ಲ, ಕೃತಿಯನ್ನು ಕೆಡಿಸಿದರೆ ಕೇಳುವ ಹಕ್ಕೂ ಕಲಾವಿದನಲ್ಲೇ ಉಳಿಯುತ್ತದೆ. ದೆಹಲಿಯ ವಿಜ್ಞಾನ ಭವನದಿಂದ ಕಿತ್ತುಹಾಕಿದ್ದ ತನ್ನ ಭಿತ್ತಿಶಿಲ್ಪಕ್ಕಾಗಿ ಶಿಲ್ಪಿ ಅಮರನಾಥ ಸೆಹಗಲ್ ಸರ್ಕಾರದ ಮೇಲೇ ದಾವೆ ಹೂಡಿ, 2005ರಲ್ಲಿ ದೆಹಲಿ ಹೈಕೋರ್ಟಿನಲ್ಲಿ ಗೆದ್ದದ್ದು ಇದೇ ಬಲದ ಮೇಲೆ.

ಇನ್ನು ಸೀರೆ. ಇಳಕಲ್ಲಿನ ಗೋಮಿ ದಡಿ ಎಂಬ ಅಂಚು, ಟೋಪು ತೆನಿ ಎಂಬ ಸೆರಗು, ಇವಕ್ಕೆ ಯಾರೂ ಒಡೆಯರಾಗುವಂತಿಲ್ಲ. ಇಳಕಲ್ ಸೀರೆಗೆ ಜಿಐ, ಅಂದರೆ ಊರಿನ ಹೆಸರಿಗೆ ಅಂಟಿದ ಭೌಗೋಳಿಕ ಗುರುತು, ಇದೆ, ಅದು ಆ ಪ್ರದೇಶದ ನೇಕಾರರೆಲ್ಲರದು. ಬನಹಟ್ಟಿಯ ಪವರ್‌ಲೂಮ್ ಮಾಲೀಕರೊಬ್ಬರಿಗೆ ನಾನು ಹೊಸದಾಗಿ ಬರೆದ ಸೆರಗಿನ ಮಾತು ಬೇರೆ. ಯಂತ್ರದಲ್ಲಿ 50ಕ್ಕಿಂತ ಹೆಚ್ಚು ಪ್ರತಿ ಬಂದರೆ, ವಿನ್ಯಾಸವನ್ನು ನೋಂದಾಯಿಸಿರದಿದ್ದರೆ, ಅದರ ಕಾಪಿರೈಟ್ ಅಲ್ಲಿಗೇ ಮುಗಿಯುತ್ತದೆ. ಹಾಗಾಗಿ 2000ದ ಡಿಸೈನ್ ಕಾಯ್ದೆಯಡಿ ಕೋಲ್ಕತ್ತಾ ಕಚೇರಿಯಲ್ಲಿ ನೋಂದಣಿ ಆಗಬೇಕು. 10 ವರ್ಷದ ರಕ್ಷಣೆ, ಮತ್ತೆ ಐದು ವಿಸ್ತರಿಸಬಹುದು. ಆದರೆ ಅರ್ಜಿ ಹಾಕುವ ಮೊದಲು ವಿನ್ಯಾಸ ಜನರ ಕಣ್ಣಿಗೆ ಬಿದ್ದಿರಬಾರದು. ಮಾಲೀಕರ ಮಗ ಆಗಲೇ ಫೋಟೊ ತೆಗೆದು ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕಲು ಹೊರಟಿದ್ದ. ಫೋನ್ ಜೇಬಿಗೆ ಇಡಿಸಿದೆ. ಅರ್ಜಿ ಸಂಖ್ಯೆ ಬಂದ ದಿನ ಅವನೇ ನನಗೆ ಫೋನ್ ಮಾಡಿ, ‘ಈಗ ಹಾಕ್ಲೇನ್ರಿ?’ ಅಂದ.