ಕಾಲೊನಿಯ ಬೇಡಿಕೆ ನಡಾವಳಿಗೆ ಏರಿಸುವುದು ಹೇಗೆ

ಗ್ರಾಮಸಭೆಯಲ್ಲಿ ದನಿ ಎತ್ತರಿಸಿದರೆ ಸಾಲದು, ಸಭೆಯ ತೀರ್ಮಾನ ದಾಖಲಿಸುವ ನಡಾವಳಿ ಪುಸ್ತಕದಲ್ಲಿ ಬರೆಸಬೇಕು. ದಲಿತ ಕಾಲೊನಿ, ಹಾಡಿ, ತಾಂಡಾದವರು ಬರಿಗೈಲಿ ವಾಪಸಾಗುವುದು ಹೆಚ್ಚಾಗಿ ಇಲ್ಲಿ ಎಡವಿಯೇ.

ವಾರ್ಡ್ ಸಭೆಯಿಂದ ಶುರು ಮಾಡಿ. ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು; ವಾರ್ಡ್ ಸಭೆಯ ಪಟ್ಟಿ ಅಲ್ಲಿಗೆ ಹೋಗಬೇಕು. ವಾರ್ಡ್ ಪಟ್ಟಿಯಲ್ಲೇ ಇಲ್ಲದ್ದನ್ನು ನೇರವಾಗಿ ಗ್ರಾಮಸಭೆಯಲ್ಲಿ ಎತ್ತಿದರೆ 'ಮುಂದಿನ ಸಲ ನೋಡೋಣ' ಎಂದು ತಳ್ಳಿಹಾಕುವುದು ಸುಲಭ. ಪಂಚಾಯ್ತಿಯ ಮುಂದಿನ ವರ್ಷದ ಯೋಜನೆ ತಯಾರಿಸುವ ಅಭಿಯಾನ ಅಕ್ಟೋಬರ್ 2ರ ಹೊತ್ತಿಗೆ ಶುರುವಾಗುವುದರಿಂದ ಸೆಪ್ಟೆಂಬರ್‌ನಲ್ಲೇ ಸಿದ್ಧರಾಗಿ.

ಸಭೆ ಸಾರುವ ಡಂಗುರ ಎಷ್ಟೋ ಕಡೆ ಕಾಲೊನಿಗೆ ಬರದೆ ಊರ ಬಾಗಿಲಲ್ಲೇ ನಿಂತುಬಿಡುತ್ತದೆ. ಹಾಗಾಗಿ ಸಭೆಯ ದಿನಾಂಕವನ್ನು ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಅವರಿಗೆ ಪತ್ರ ಕೊಟ್ಟೇ ಕೇಳಿ. ಬೆಳಗ್ಗೆ ಹನ್ನೊಂದಕ್ಕೆ ಇಟ್ಟರೆ ಕೂಲಿಗೆ ಹೋಗುವವರು ಬರಲಾರರು. ಸಂಜೆ, ಕಾಲೊನಿಯ ಅಂಗನವಾಡಿ ಹತ್ತಿರ ಸೇರಿಸಿ ಅಂತ ಅದೇ ಪತ್ರದಲ್ಲಿ ಬರೆಯಿರಿ.

ಬೇಡಿಕೆ ಬರೆಯುವ ರೀತಿ ಮುಖ್ಯ. 'ಚರಂಡಿ ಮಾಡಿಸಿಕೊಡಿ' ಎಂದಷ್ಟೇ ಬರೆದರೆ ಅದು ಯಾವ ಚರಂಡಿ ಎಂದೇ ತಿಳಿಯದು. ಹತ್ತು ಮೀಟರ್ ಹಗ್ಗ ಹಿಡಿದು ಅಳೆದು, 'ಮಾರಮ್ಮನ ಗುಡಿಯಿಂದ ಬೋರ್‌ವೆಲ್‌ವರೆಗೆ 120 ಮೀಟರ್. ಮಳೆ ಬಂದರೆ 14 ಮನೆಗೆ ನೀರು ನುಗ್ಗುತ್ತದೆ' ಎಂದು ಬರೆಯಿರಿ. ಎಂಜಿನಿಯರ್ ಅಂದಾಜುಪಟ್ಟಿ ಮಾಡಲು ಅಷ್ಟು ವಿವರ ಬೇಕು. ಒಂದು ಹಾಳೆಗೆ ಒಂದೇ ಬೇಡಿಕೆ, ಎರಡು ಪ್ರತಿ. ಒಂದಕ್ಕೆ ಆವಕ ಸಂಖ್ಯೆ (ಕಚೇರಿಗೆ ಬಂದ ಪತ್ರಕ್ಕೆ ಕೊಡುವ ನಂಬರು), ದಿನಾಂಕ, ಸೀಲು ಹಾಕಿಸಿ ಇಟ್ಟುಕೊಳ್ಳಿ. ಸ್ಮಶಾನದ ಜಾಗದಂಥ ಜಮೀನಿನ ವಿಷಯ ತಹಶೀಲ್ದಾರರದು; ಅವರಿಗೆ ಬೇರೆ ಅರ್ಜಿ ಕೊಡಿ, ಪಂಚಾಯ್ತಿಯಿಂದ ಶಿಫಾರಸು ನಿರ್ಣಯ ಮಾತ್ರ ಕೇಳಿ.

ಸಭೆಯಲ್ಲಿ ಖಾಲಿ ಹಾಳೆಗೆ ಸಹಿ, ಹೆಬ್ಬೆಟ್ಟು ಹಾಕಬೇಡಿ. ಯಾರಿಗೂ ಹಾಕಲು ಬಿಡಬೇಡಿ. ಹಾಜರಿಗೆ ಅಂತ ಹಾಕಿದ ಸಹಿಯನ್ನೇ ಒಪ್ಪಿಗೆ ಎಂದು ತೋರಿಸುವುದು ಹಳೇ ಚಾಳಿ. ಮಾತು ಮುಗಿದ ಮೇಲೆ, 'ಈಗ ಬರೆದದ್ದನ್ನು ಓದಿ' ಎಂದು ಕೇಳಿ. ಓದಿದಾಗ 'ಪರಿಶೀಲಿಸಲಾಗುವುದು' ಎಂದಷ್ಟೇ ಇದ್ದರೆ ಸುಮ್ಮನಾಗಬೇಡಿ: ಯಾವ ಕೆಲಸ, ಯಾವ ಅನುದಾನ, ಯಾರ ಜವಾಬ್ದಾರಿ, ಎಂದಿಗೆ ಎಂಬ ನಾಲ್ಕೂ ಇರಲಿ. ಹೆಂಗಸರಿಗೆ ಪ್ರತ್ಯೇಕ ಮಹಿಳಾ ಗ್ರಾಮಸಭೆ ಉಂಟು. ಶೌಚಾಲಯ, ನೀರಿನ ವಿಷಯ ಅಲ್ಲಿ ಇನ್ನೂ ಬಿಡಿಸಿ ಹೇಳಬಹುದು.

ಎರಡು ವಾರ ಬಿಟ್ಟು ನಡಾವಳಿಯ ಪ್ರತಿ ಕೇಳಿ. ಕೊಡದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ: ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡ್ ಪ್ರತಿ ಲಗತ್ತಿಸಿದರೆ ಅದೂ ಇಲ್ಲ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯದ್ದಾಗಿರಬೇಕು, 150 ಪದ ಮೀರಬಾರದು; ಎಷ್ಟೋ ಅರ್ಜಿ ಬಿದ್ದುಹೋಗುವುದು ಇದರಿಂದಲೇ. ಉತ್ತರಕ್ಕೆ 30 ದಿನ ಗಡುವು. ನಿರ್ಣಯವಾಗಿಯೂ ಕೆಲಸ ಶುರುವಾಗದಿದ್ದರೆ, ಅದೇ ಪ್ರತಿಯನ್ನು ಲಗತ್ತಿಸಿ ತಾಲ್ಲೂಕು ಪಂಚಾಯ್ತಿ ಇಒ (ಕಾರ್ಯನಿರ್ವಾಹಕ ಅಧಿಕಾರಿ) ಅವರಿಗೆ, ಅಲ್ಲೂ ಆಗದಿದ್ದರೆ ಜಿಲ್ಲಾ ಪಂಚಾಯ್ತಿ ಸಿಇಒ (ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ) ಅವರಿಗೆ ಬರೆಯಿರಿ.