'ಹಾರ್ಡ್ ವರ್ಕಿಂಗ್' ತೆಗೆದೆ, ಹುಡುಗರಿಗೆ ಫೋನ್ ಬಂತು

ಕೋಲಾರದಲ್ಲಿ ಡಿಟಿಪಿ (ಟೈಪಿಂಗ್, ಪ್ರಿಂಟಿಂಗ್) ಅಂಗಡಿ ಇಟ್ಟವರಿಗೆ ಗೊತ್ತೇ ಇದೆ. ರೆಸ್ಯೂಮೆ ಅಂದರೆ ಹಳೇ ಫೈಲ್ ತೆಗೆದು ಹೆಸರು ಬದಲಿಸುವುದು, ಮೂವತ್ತು ರೂಪಾಯಿ ತಗೊಳ್ಳುವುದು. ನಾನು ನೂರೈವತ್ತು ಅಂದಾಗ ಪಕ್ಕದ ಅಂಗಡಿಯವರು, "ಫ್ಯಾಕ್ಟರಿಯವರು ಓದೋದೇ ಇಲ್ಲ, ಯಾರು ಕೊಡ್ತಾರೆ ಬಿಡಣ್ಣ" ಅಂದರು. ಈಗ ನರಸಾಪುರ, ವೇಮಗಲ್‌ನ ಫ್ಯಾಕ್ಟರಿಗಳಲ್ಲಿ ಕೆಲಸ ಹುಡುಕುವ ಹುಡುಗರನ್ನು ಅವರೇ ನನ್ನ ಹತ್ತಿರ ಕಳಿಸುತ್ತಾರೆ.

ಹಾರ್ಡ್ ವರ್ಕಿಂಗ್, ಸಿನ್ಸಿಯರ್, ಕ್ವಿಕ್ ಲರ್ನರ್. ಮೊದಲು ಇವನ್ನು ಕಿತ್ತು ಹಾಕಿದೆ. ಎಲ್ಲರೂ ಇದನ್ನೇ ಬರೆದರೆ ಫ್ಯಾಕ್ಟರಿಯವರು ಯಾರನ್ನ ಅಂತ ಕರೀಬೇಕು? ಆ ಜಾಗದಲ್ಲಿ ಹುಡುಗ ಕೈಯಾರೆ ಮಾಡಿದ ಕೆಲಸ ಬರಬೇಕು.

ಈ ದಾರಿ ಸಿಗುವ ಮುಂಚೆ ದುಡ್ಡು ಹೋದದ್ದೇ ಜಾಸ್ತಿ. ನೆಟ್ಟಲ್ಲಿ ಸಿಗುವ ದೊಡ್ಡ ಪದಗಳನ್ನು ಹಾಕಿ ನೋಡಿದೆ. 'ಸ್ಪಿಯರ್‌ಹೆಡೆಡ್' (ಮುಂದೆ ನಿಂತು ನಡೆಸಿದೆ ಅಂತ) ಅಂದರೆ ಏನಪ್ಪಾ ಅಂತ ಇಂಟರ್‌ವ್ಯೂನಲ್ಲಿ ಕೇಳಿದ್ದಕ್ಕೆ ಒಬ್ಬ ಐಟಿಐ ಫಿಟ್ಟರ್ ಸುಮ್ನೆ ಎದ್ದು ಬಂದ. ಅವನ ದುಡ್ಡು ವಾಪಸ್ ಕೊಟ್ಟೆ. ಆಮೇಲೆ ಎರಡು ಕಾಲಂ ಡಿಸೈನ್, ಕಲರ್ ಪ್ರಿಂಟ್. ಇಂಕಿಗೇ ಮೂರು ನಾಲ್ಕು ಸಾವಿರ ಹೋಗಿರಬೇಕು. ಆನ್‌ಲೈನಲ್ಲಿ ಹಾಕಿದರೆ ಎರಡು ಕಾಲಮ್ಮಿನ ಸಾಲುಗಳು ಕಲಸಿಹೋಗುತ್ತಿದ್ದವು. ಒಂದೇ ಕಾಲಂ, ಕಪ್ಪು ಇಂಕು. ಅಷ್ಟು ಸಾಕು.

ಗೆದ್ದದ್ದು ಸಿಎನ್‌ಸಿ, ಅಂದರೆ ಕಂಪ್ಯೂಟರಿನಿಂದ ನಡೆಯುವ ಮಷಿನ್, ಓಡಿಸುವ ಒಬ್ಬ ಹುಡುಗನಿಂದ. 'ರೆಸ್ಪಾನ್ಸಿಬಲ್ ಫಾರ್ ಮಷಿನ್ ವರ್ಕ್' ಅಂತ ಬರೆಸಿಕೊಂಡಿದ್ದ. ಕೂರಿಸಿ ಕೇಳಿದೆ. ಮಷಿನ್ನಿಗೆ ಯಾವ ಕಂಟ್ರೋಲರ್? ಫ್ಯಾನುಕ್ ಕಂಪನಿಯದು. ಶಿಫ್ಟಿಗೆ ಎಷ್ಟು ಪೀಸ್? ಇನ್ನೂರರ ಹತ್ತಿರ. ಆಫ್‌ಸೆಟ್, ಅಂದರೆ ಟೂಲಿನ ಅಳತೆಯ ಹೊಂದಾಣಿಕೆ, ಯಾರು ಕೊಡ್ತಿದ್ರು? "ನಾನೇ ಅಣ್ಣ." ಅಳೆಯೋದು? ಮೈಕ್ರೋಮೀಟರ್, 0.01 ಮಿ.ಮೀ. ಸಾಲು ಹೀಗಾಯಿತು: 'ಆಪರೇಟೆಡ್ ಫ್ಯಾನುಕ್ ಸಿಎನ್‌ಸಿ ಲೇತ್, ಸೆಟ್ ಟೂಲ್ ಆಫ್‌ಸೆಟ್ಸ್, ಚೆಕ್ಡ್ ಫಸ್ಟ್ ಪೀಸ್ ವಿತ್ ಮೈಕ್ರೋಮೀಟರ್'. ಪಕ್ಕದಲ್ಲೇ ಪೀಸಿನ ಲೆಕ್ಕ. ಎಲ್ಲಾ ಸಣ್ಣ ಪದಗಳೇ, ಆದರೆ ಯಾವುದನ್ನು ಕೆದಕಿದರೂ ಅವನ ಹತ್ತಿರ ಉತ್ತರ ಇದೆ. ವಾರದೊಳಗೆ ಎರಡು ಕಡೆಯಿಂದ ಫೋನ್ ಬಂತು.

ಇನ್ನೊಬ್ಬ ಬಿಕಾಂ ಹುಡುಗ, 'ಫ್ರೆಷರ್ ಅಂತ ಹಾಕಿ' ಅಂದ. ಕೆದಕಿದರೆ, ಟೊಮೆಟೊ ಸೀಸನ್ನಿನಲ್ಲಿ ಎಪಿಎಂಸಿ ಮಂಡಿಯಲ್ಲಿ ಲೆಕ್ಕ ಬರೆದಿದ್ದಾನೆ! ನಾಚಿಕೆಗೆ ಮುಚ್ಚಿಟ್ಟಿದ್ದ. 15 ಕೆಜಿ ಬಾಕ್ಸುಗಳು, ಬೆಳಗ್ಗೆಯಿಂದ ನೂರಾರು. ಯಾವ ರೈತನದು, ಎಷ್ಟು ಬಾಕ್ಸು, ಹರಾಜಲ್ಲಿ ಎಷ್ಟಕ್ಕೆ ಹೋಯಿತು, ಸಂಜೆಗೆ ಲೆಕ್ಕ ತಾಳೆ ಆಯಿತಾ. ಇದು ಫ್ಯಾಕ್ಟರಿ ಸ್ಟೋರ್ಸ್‌ನಲ್ಲಿ ಸಾಮಾನಿನ ಲೆಕ್ಕ ಇಡುವ ಕೆಲಸವೇ ಅಲ್ವಾ? 'ರೆಕಾರ್ಡೆಡ್', 'ಟ್ಯಾಲೀಡ್' ಅಂತ ಹಾಗೇ ಬರೆದೆ. ಈಗ ಒಂದು ಕಂಪನಿಯಲ್ಲಿ ಸ್ಟೋರ್ ಅಸಿಸ್ಟೆಂಟ್.

ನಡುವೆ ಊರಿನ ಶೋರೂಮ್‌ಗಳಿಗೆ ಕನ್ನಡದಲ್ಲೇ ರೆಸ್ಯೂಮೆ ಮಾಡಿಕೊಟ್ಟು ನೋಡಿದೆ. ಮಾಲೀಕರು ನಿಂತಲ್ಲೇ ಪೂರ್ತಿ ಓದಿದರು. ಅದನ್ನು ಇನ್ನೂ ಮುಂದುವರಿಸಬೇಕು.

ಹೆಸರಿನ ಕೆಳಗಿನ ಮೊದಲ ಸಾಲು ಹೇಗೆ ಬರೆಯುತ್ತೇನೆ ಅನ್ನುವುದನ್ನು ಮಾತ್ರ ಇಲ್ಲಿ ಹೇಳಲ್ಲ. ನನ್ನ ಅನ್ನ ಅದರಲ್ಲೇ ಇದೆ. ಈಗ ರೇಟು ಇನ್ನೂರು. ಇಂಟರ್‌ವ್ಯೂಗೆ ಮುಂಚಿನ ದಿನ ಬಂದು ಒಂದೊಂದು ಸಾಲಿಗೂ ಉತ್ತರ ಹೇಳಿ ಅಭ್ಯಾಸ ಮಾಡುವವರಿಗೆ ಬೇರೆ ದುಡ್ಡು ತಗೊಳ್ಳಲ್ಲ.