ವಿಜ್ಞಾನಿಗೆ ಇಬಿ-1ಎ ಗ್ರೀನ್ ಕಾರ್ಡ್: ಅರ್ಜಿಯ ಕಡತ ಕಟ್ಟುವುದು ಹೇಗೆ?

ಅಮೆರಿಕದಲ್ಲಿ ಸಂಶೋಧನೆ ಮಾಡುತ್ತಿರುವವರು ಯಾವ ಸಂಸ್ಥೆಯ ಹಂಗೂ ಇಲ್ಲದೆ ತಾವೇ ಹಾಕಿಕೊಳ್ಳಬಹುದಾದ ಗ್ರೀನ್ ಕಾರ್ಡ್ ಅರ್ಜಿಗಳಲ್ಲಿ ಇಬಿ-1ಎ ಒಂದು. ‘ಅಸಾಧಾರಣ ಸಾಮರ್ಥ್ಯ’ ಉಳ್ಳವರಿಗೆ ಇರುವ ಈ ವರ್ಗದಲ್ಲಿ ಕೆಲಸದ ಆಫರ್ ಬೇಡ, ಲೇಬರ್ ಸರ್ಟಿಫಿಕೇಷನ್ನೂ (ಆ ಕೆಲಸಕ್ಕೆ ಅರ್ಹ ಅಮೆರಿಕನ್ನರು ಸಿಗಲಿಲ್ಲ ಎಂಬ ಕಾರ್ಮಿಕ ಇಲಾಖೆಯ ದೃಢೀಕರಣ) ಬೇಡ. ನೊಬೆಲ್ ಮಟ್ಟದ ಪ್ರಶಸ್ತಿ ಇಲ್ಲದವರು ನಿಯಮದ 10 ಮಾನದಂಡಗಳಲ್ಲಿ ಕನಿಷ್ಠ 3ಕ್ಕೆ ಪುರಾವೆ ಒದಗಿಸಬೇಕು.

ಮೊದಲು ಆ 3 ಯಾವುವು ಎಂದು ನಿರ್ಧರಿಸಿ. ವಿಜ್ಞಾನಿಗಳ ಕೈಗೆಟುಕುವುದು ಸಾಮಾನ್ಯವಾಗಿ ಇವು: ಪ್ರಕಟಿತ ಪ್ರಬಂಧಗಳು, ಇತರರ ಕೆಲಸದ ಮೌಲ್ಯಮಾಪನ, ಮಹತ್ವದ ಸ್ವಂತ ಕೊಡುಗೆ. ಪ್ರಬಂಧಗಳದ್ದು ಸುಲಭ, ಮೊದಲ ಪುಟಗಳನ್ನು ಲಗತ್ತಿಸಿದರಾಯಿತು. ಮೌಲ್ಯಮಾಪನಕ್ಕೆ ಜರ್ನಲ್ ಕಳಿಸಿದ ಆಹ್ವಾನ ಸಾಲದು, ವಿಮರ್ಶೆ ಮುಗಿಸಿಕೊಟ್ಟದ್ದಕ್ಕೆ ಸಂಪಾದಕರ ಧನ್ಯವಾದದ ಇಮೇಲ್ ಬೇಕು. ಹಣ ಕಟ್ಟಿದರೆ ಯಾರಿಗೂ ಸಿಗುವ ಸಂಘದ ಸದಸ್ಯತ್ವವನ್ನು ತುರುಕಬೇಡಿ. ಬಲವಿಲ್ಲದ ಮಾನದಂಡಗಳನ್ನು ಸೇರಿಸಿದಷ್ಟೂ ಗಟ್ಟಿ ಪುರಾವೆ ಮಸುಕಾಗುತ್ತದೆ.

ಊರಿನ ಪತ್ರಿಕೆಯಲ್ಲಿ ಅರ್ಜಿ ಹಾಕುವ ವಿಜ್ಞಾನಿಯ ಬಗ್ಗೆ ಲೇಖನ ಬಂದಿದೆಯೇ? ಅದು ಅವರನ್ನೂ ಅವರ ಸಂಶೋಧನೆಯನ್ನೂ ಕುರಿತದ್ದಾಗಿರಬೇಕು, ಸುದ್ದಿಯ ನಡುವೆ ಹೆಸರು ಬಂದು ಹೋದರೆ ಲೆಕ್ಕಕ್ಕಿಲ್ಲ. ಶೀರ್ಷಿಕೆ, ದಿನಾಂಕ, ಬರೆದವರ ಹೆಸರು ಕಾಣಬೇಕು. ಪತ್ರಿಕೆಯ ಪ್ರಸಾರ ಎಷ್ಟೆಂಬುದಕ್ಕೂ ದಾಖಲೆ ಇರಲಿ. ಕನ್ನಡದ ಲೇಖನಕ್ಕೆ ಪೂರ್ಣ ಇಂಗ್ಲಿಷ್ ಅನುವಾದ ಇಟ್ಟು, ಅದು ಸಮಗ್ರ ಮತ್ತು ನಿಖರ, ಅನುವಾದಿಸಲು ತಾನು ಸಮರ್ಥ ಎಂದು ಅನುವಾದಕರು ಸಹಿ ಹಾಕಬೇಕು.

ಹೆಚ್ಚಿನ ಅರ್ಜಿಗಳು ಎಡವುವುದು ‘ಮಹತ್ವದ ಕೊಡುಗೆ’ಯಲ್ಲಿ. ಸಂಶೋಧನಾ ಪ್ರಬಂಧಗಳನ್ನು ಹುಡುಕಿಕೊಡುವ ಗೂಗಲ್ ಸ್ಕಾಲರ್ ಪುಟದಲ್ಲಿ ಕಾಣುವ ಉಲ್ಲೇಖಗಳ (ಇತರರು ತಮ್ಮ ಪ್ರಬಂಧದಲ್ಲಿ ಇವರದ್ದನ್ನು ಹೆಸರಿಸಿದ್ದರ) ಒಟ್ಟು ಸಂಖ್ಯೆಯೊಂದನ್ನೇ ನೆಚ್ಚಿ ಕೂರಬಾರದು. ಕಡತ ಓದುವ ವಲಸೆ ಇಲಾಖೆಯ ಅಧಿಕಾರಿ ಆ ವಿಷಯದ ತಜ್ಞರಲ್ಲ. 400 ಉಲ್ಲೇಖ ದೊಡ್ಡದೋ ಚಿಕ್ಕದೋ ಅವರಿಗೆ ಹೇಗೆ ಗೊತ್ತಾಗಬೇಕು? ಅದೇ ಕ್ಷೇತ್ರದ, ಅದೇ ವರ್ಷದ ಪ್ರಬಂಧಗಳ ಪೈಕಿ ಇವರ ಪ್ರಬಂಧ ಯಾವ ಸ್ಥಾನದಲ್ಲಿದೆ ಎಂದು ತೋರಿಸಿ. ಆಮೇಲೆ ಉಲ್ಲೇಖಿಸಿದ ಐದಾರು ಪ್ರಬಂಧಗಳನ್ನು ಆರಿಸಿ, ಇವರ ವಿಧಾನವನ್ನು ನಿಜವಾಗಿ ಬಳಸಿಕೊಂಡ ಸಾಲುಗಳಿಗೆ ಗುರುತು ಹಾಕಿ ಇಡಿ. ಪೀಠಿಕೆಯಲ್ಲಿ ಇತರ ಹತ್ತು ಹೆಸರುಗಳ ಜೊತೆ ಬಂದ ಉಲ್ಲೇಖಕ್ಕೂ, ‘ಈ ಪ್ರಯೋಗಕ್ಕೆ ಇವರ ವಿಧಾನವನ್ನೇ ಅನುಸರಿಸಿದ್ದೇವೆ’ ಎಂಬ ಸಾಲಿಗೂ ಅಜಗಜಾಂತರ.

ಶಿಫಾರಸು ಪತ್ರ ಐದಾರು ಇದ್ದರೆ ಸಾಕು. ಅರ್ಧಕ್ಕಿಂತ ಹೆಚ್ಚಿನವು ಇವರ ಜೊತೆ ಎಂದೂ ಕೆಲಸ ಮಾಡದವರಿಂದ ಬರಲಿ. ಗೈಡ್ ಹೊಗಳುವುದು ಸಹಜ ಎಂದು ಅಧಿಕಾರಿಗೂ ಗೊತ್ತು. ಒಂದೇ ಕರಡನ್ನು ಎಲ್ಲರಿಗೂ ಕಳಿಸಿ ಸಹಿ ಹಾಕಿಸುವುದು ದೊಡ್ಡ ತಪ್ಪು. ಒಂದೇ ವಾಕ್ಯ ಎರಡು ಪತ್ರಗಳಲ್ಲಿ ಕಂಡರೆ ಎರಡರ ಬೆಲೆಯೂ ಹೋಗುತ್ತದೆ.

3 ಮಾನದಂಡ ದಾಟಿದರೆ ಗೆದ್ದಂತಲ್ಲ. ಅಮೆರಿಕದ ಮೇಲ್ಮನವಿ ನ್ಯಾಯಾಲಯ 2010ರಲ್ಲಿ ಕೊಟ್ಟ ಕಜಾರಿಯನ್ ತೀರ್ಪಿನ ನಂತರ ಎರಡನೇ ಹಂತದ ಪರಿಶೀಲನೆಯೂ ಇದೆ: ಈ ವ್ಯಕ್ತಿ ಕ್ಷೇತ್ರದ ತುತ್ತತುದಿಯಲ್ಲಿರುವ ಕೆಲವರಲ್ಲಿ ಒಬ್ಬರೇ, ಆ ಮನ್ನಣೆ ಉಳಿದುಕೊಂಡಿದೆಯೇ ಎಂದು ಇಡೀ ಕಡತವನ್ನು ಒಟ್ಟಾಗಿ ತೂಗುತ್ತಾರೆ. ಅರ್ಜಿಯ ವಾದಪತ್ರದಲ್ಲಿ ಇದಕ್ಕೆ ಪ್ರತ್ಯೇಕ ಭಾಗ ಬರೆಯಲೇಬೇಕು. ಅಮೆರಿಕದಲ್ಲಿ ಅದೇ ಸಂಶೋಧನೆ ಮುಂದುವರಿಸುವ ಯೋಜನೆಯ ಹೇಳಿಕೆಯೂ ಬೇಕು.

ಅರ್ಜಿಯ ಫಾರಂ ಐ-140. 2024ರ ಏಪ್ರಿಲ್‌ನಲ್ಲಿ ಜಾರಿಯಾದ ದರದಂತೆ ಶುಲ್ಕ 715 ಡಾಲರ್, ಸ್ವಂತ ಅರ್ಜಿದಾರರಿಗೆ ಅಸೈಲಂ ಪ್ರೋಗ್ರಾಂ ಶುಲ್ಕ (ಆಶ್ರಯ ಕೋರುವವರ ಅರ್ಜಿಗಳ ವೆಚ್ಚಕ್ಕೆಂದು ಸರ್ಕಾರ ಪಡೆಯುವ ಹಣ) 300 ಡಾಲರ್. ಎರಡನ್ನೂ ಬೇರೆ ಬೇರೆಯಾಗಿ ಪಾವತಿಸಬೇಕು. ಸ್ವಂತ ಅರ್ಜಿ ಎಂಬ ಪ್ರಶ್ನೆಗೆ ಗುರುತು ಹಾಕದಿದ್ದರೆ ಶುಲ್ಕದ ಲೆಕ್ಕ ತಪ್ಪಿ ಕಡತ ವಾಪಸು ಬರಬಹುದು. ಹೆಚ್ಚುವರಿ ಹಣ ಕಟ್ಟಿ ಪ್ರೀಮಿಯಂ ಸೇವೆ ಪಡೆದರೆ 15 ಕೆಲಸದ ದಿನಗಳಲ್ಲಿ ಒಂದು ಉತ್ತರ ಬರುತ್ತದೆ. ಆ ಉತ್ತರ ‘ಇನ್ನಷ್ಟು ಪುರಾವೆ ಕೊಡಿ’ ಎಂಬ ಆರ್‌ಎಫ್‌ಇ ಕೂಡ ಆಗಿರಬಹುದು. ಅದರಲ್ಲಿ ನಮೂದಿಸಿದ ಗಡುವಿನೊಳಗೆ, ಎಲ್ಲ ಆಕ್ಷೇಪಗಳಿಗೂ ಒಂದೇ ಬಾರಿಗೆ ಉತ್ತರ ಕಳಿಸಿ. ಅರ್ಜಿ ಹಾಕಿದ ದಿನಕ್ಕೇ ಅರ್ಹತೆ ಇದ್ದಿರಬೇಕು. ಆಮೇಲೆ ಬಂದ ಪ್ರಶಸ್ತಿ ನೆರವಿಗೆ ಬಾರದು.

ಭಾರತದಲ್ಲಿ ಹುಟ್ಟಿದವರಿಗೆ ಐ-140 ಮಂಜೂರಾದರೂ ಗ್ರೀನ್ ಕಾರ್ಡ್ ಕೈಗೆ ಬಂದಂತಲ್ಲ. ದೇಶವಾರು ಶೇ 7ರ ಮಿತಿಯಿಂದಾಗಿ ಇಬಿ-1ರಲ್ಲೂ ಸರದಿ ಬೆಳೆದಿದೆ. ಹಿಂದೆ ಕಂಪನಿಯೊಂದು ಹಾಕಿದ್ದ ಇಬಿ-2 ಅಥವಾ ಇಬಿ-3 (ಉದ್ಯೋಗ ಆಧಾರಿತ ಬೇರೆ ವರ್ಗಗಳು) ಅರ್ಜಿ ಮಂಜೂರಾಗಿದ್ದರೆ ಸರದಿಯಲ್ಲಿ ಸ್ಥಾನ ನಿರ್ಧರಿಸುವ ಆ ಹಳೆಯ ದಿನಾಂಕವನ್ನೇ ಇಲ್ಲಿಗೂ ತರಬಹುದು. ಇದು ವರ್ಷಗಟ್ಟಲೆ ಕಾಯುವುದನ್ನು ಉಳಿಸಬಲ್ಲದು, ಹಳೆಯ ಮಂಜೂರಾತಿ ಪತ್ರ ಹುಡುಕಿ ಲಗತ್ತಿಸಿ. ಸಂಗಾತಿ ಬೇರೆ ದೇಶದಲ್ಲಿ ಹುಟ್ಟಿದ್ದರೆ ಆ ದೇಶದ ಸರದಿಯನ್ನು ಬಳಸಲು ಅವಕಾಶವಿದೆ. ಜೆ-1 ಎಂಬ ವಿನಿಮಯ ಕಾರ್ಯಕ್ರಮದ ವೀಸಾದಲ್ಲಿ ಹೋಗಿ ಎರಡು ವರ್ಷ ತಾಯ್ನಾಡಿನಲ್ಲಿರುವ ಷರತ್ತಿಗೆ ಒಳಪಟ್ಟವರು ಅದನ್ನು ಪೂರೈಸದೆ, ಇಲ್ಲವೇ ವಿನಾಯಿತಿ ಪಡೆಯದೆ, ಅಮೆರಿಕದಲ್ಲಿದ್ದುಕೊಂಡೇ ಗ್ರೀನ್ ಕಾರ್ಡ್ ಪಡೆಯಲು ಹಾಕುವ ಕೊನೆಯ ಹಂತದ ಐ-485 ಅರ್ಜಿ ಹಾಕುವಂತಿಲ್ಲ.

ಕಾಯುವಾಗ ಊರಿನಲ್ಲಿರುವ ಮನೆಯವರು ದಾಖಲೆ ಸರಿಪಡಿಸಿಕೊಡಬಹುದು. ಜನನ ಪ್ರಮಾಣಪತ್ರ ಇಲ್ಲದಿದ್ದರೆ ಜನನ-ಮರಣ ನೋಂದಣಾಧಿಕಾರಿಯಿಂದ ‘ದಾಖಲೆ ಲಭ್ಯವಿಲ್ಲ’ ಎಂಬ ಪತ್ರ ತರಿಸಿ, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಜೊತೆಗಿಡಿ. ಇನಿಷಿಯಲ್ ಸಮಸ್ಯೆ ನಮ್ಮಲ್ಲಿ ಮಾಮೂಲು: ಅಂಕಪಟ್ಟಿಯಲ್ಲಿ ‘ಮಂಜುನಾಥ ಎಚ್. ಎಸ್.’, ಪಾಸ್‌ಪೋರ್ಟಿನಲ್ಲಿ ಊರು, ತಂದೆಯ ಹೆಸರು ಬಿಡಿಸಿ ಬರೆದ ಉದ್ದನೆಯ ಹೆಸರು, ಪ್ರಬಂಧದಲ್ಲಿ ಇನ್ನೊಂದು. ಮೂರೂ ಒಬ್ಬರೇ ಎಂಬ ಅಫಿಡವಿಟ್ ಮಾಡಿಸಿ ಐ-140ಕ್ಕೇ ಲಗತ್ತಿಸಿದರೆ ಪ್ರಬಂಧಗಳ ಲೇಖಕರು ಯಾರೆಂಬ ಪ್ರಶ್ನೆ ಏಳುವುದಿಲ್ಲ.